ಎರೆ ನೆಲದಲ್ಲಿ ಮಣ್ಣಿಟ್ಟಿಗೆ ಮನೆ ನಿಲ್ಲುತ್ತಾ?

ಹೋದ ಸಂಚಿಕೆಯಲ್ಲಿ ಕುರುಗೋಡಿನ ಹತ್ತಿರದ ನಮ್ಮ ಮನೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಣ್ಣಿಟ್ಟಿಗೆ ಗೋಡೆ, ಹೊರಗೆ ಗಿಲಾವು ಇಲ್ಲ, ಹನ್ನೆರಡು ಮಳೆಗಾಲ ಕಂಡಿದೆ ಅಂತ. ಅಷ್ಟಕ್ಕೇ ಒಂದು ಚೀಲ ಪತ್ರ ಬಂದಿದೆ. ಮೊದಲೇ ಹೇಳಿಬಿಡುತ್ತೇನೆ. ನಾನು ಗೌಂಡಿಯಲ್ಲ, ಎಂಜಿನಿಯರೂ ಅಲ್ಲ. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಸಾಲದ ಅರ್ಜಿ ನೋಡಿದವನು. ರಿಟೈರ್ ಆಗುವ ಹೊತ್ತಿಗೆ ಸ್ವಂತ ಮನೆ ಕಟ್ಟಲು ಹೋಗಿ, ಮೊದಲು ಕೆಡಿಸಿ, ಆಮೇಲೆ ಕಲಿತವನು. ಈ ಸಲ ಐದು ಪತ್ರಕ್ಕೆ ಉತ್ತರ ಕೊಡುತ್ತೇನೆ.

ಪ್ರಶ್ನೆ: ಸರ್, ಸಿಂಧನೂರಿನಲ್ಲಿ 30x40 ಸೈಟ್ ಇದೆ, ನನ್ನ ಹೆಸರಲ್ಲಿದೆ. ನೆಲ ಪೂರ್ತಿ ಎರೆ, ಅಂದರೆ ಕಪ್ಪು ಮಣ್ಣು. 650 ಚದರಡಿಯ ಮನೆಯನ್ನು ಮಣ್ಣಿನ ಇಟ್ಟಿಗೆಯಲ್ಲೇ ಕಟ್ಟಬೇಕು ಅಂತ ಆಸೆ. ನಮ್ಮ ಯಜಮಾನರು ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. "ಮಣ್ಣಿನ ಮನೆಗೆ ಯಾವ ಬ್ಯಾಂಕ್ ಸಾಲ ಕೊಡ್ತದೆ? 2009ರ ಮಳೆ ಮರೆತೆಯಾ?" ಅಂತಾರೆ. ಯಾರು ಸರಿ?
(ಖಾಸಗಿ ಶಾಲೆಯ ಶಿಕ್ಷಕಿ, ಸಿಂಧನೂರು)

ಅಕ್ಕೋರೆ, ನಿಮ್ಮ ಆಸೆಯೂ ತಪ್ಪಲ್ಲ, ಯಜಮಾನರ ಭಯವೂ ಸುಳ್ಳಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆ ಅಕ್ಟೋಬರ್ ಮೊದಲ ವಾರದವರೆಗೂ ಬಿಡಲಿಲ್ಲ. ನಮ್ಮ ಕಡೆ ಓಣಿಗೆ ಓಣಿಯೇ ಮಲಗಿಬಿಟ್ಟಿತು. ಆದರೆ ಬಿದ್ದವು ಹಸಿ ಮಣ್ಣಿನ ಗೋಡೆಗಳು. ಅವುಗಳ ತಲೆಯ ಮೇಲೆ ಮಣ್ಣಿನ ಮಾಳಿಗೆಯ, ಅಂದರೆ ಮಣ್ಣು ಹೊದಿಸಿದ ಚಪ್ಪಟೆ ಛಾವಣಿಯ, ಭಾರ ಬೇರೆ ಇತ್ತು. ನೀವು ಕೇಳುತ್ತಿರುವುದು ಬೇರೆ ಮಾಲು. ಕೆಂಪು ಮಣ್ಣು, ಮರಳು, ಅದರ ತೂಕಕ್ಕೆ ನೂರಕ್ಕೆ ಏಳೆಂಟು ಭಾಗ ಸಿಮೆಂಟು. ಮೂರನ್ನೂ ಬೆರೆಸಿ ಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಅಂತ ಒಂದು ವಿಭಾಗ ಶುರು ಮಾಡಿದರು. ಈ ಇಟ್ಟಿಗೆಯ ಮೇಲೆ ಅಲ್ಲಿ ದಶಕಗಟ್ಟಲೆ ಕೆಲಸ ನಡೆದಿದೆ. ಇದಕ್ಕೆ ಭಾರತೀಯ ಮಾನಕವೂ ಇದೆ, ಐಎಸ್ 1725. ಈ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬ್ಯಾಂಕಿನಲ್ಲಿ ಕೆಲಸಕ್ಕೆ ಬರುತ್ತದೆ.

ಈಗ ನಿಮ್ಮ ನೆಲ. ಎರೆ ಮಣ್ಣು ಇಟ್ಟಿಗೆಗೆ ಆಗುವುದಿಲ್ಲ, ಆಸೆ ಬಿಡಿ. ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಬಾಯಿ ಬಿಡುತ್ತೆ. ಇಟ್ಟಿಗೆಯ ಮಣ್ಣನ್ನು ಮಸಾರಿ (ಕೆಂಪು ಮಣ್ಣಿನ) ನೆಲದಿಂದ ತರಿಸಲೇಬೇಕು. ಟ್ರ್ಯಾಕ್ಟರ್ ಬಾಡಿಗೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಮಣ್ಣು ತೀರಾ ದೂರದಿಂದ ಬರಬೇಕಾದರೆ, ನಾನಾಗಿದ್ದರೆ ಮಣ್ಣಿಟ್ಟಿಗೆ ಬಿಟ್ಟು ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯ ಇಟ್ಟಿಗೆ ಕಡೆ ನೋಡುತ್ತಿದ್ದೆ. ಪರಿಸರದ ಮೇಲಿನ ಪ್ರೀತಿಗೆ ನೂರು ಟ್ರಿಪ್ ಡೀಸೆಲ್ ಸುಡುವುದು ಯಾವ ಲೆಕ್ಕ, ಅಲ್ವಾ?

ಗೋಡೆ ಯಾವುದಾದರೂ ಇರಲಿ, ಎರೆ ನೆಲದಲ್ಲಿ ಮನೆ ಕೆಡುವುದು ಪಾಯದಿಂದ. ಎರೆ ಪದರ ತೆಳ್ಳಗಿದ್ದರೆ ಅದನ್ನು ಪೂರ್ತಿ ತೆಗೆದು ಗಟ್ಟಿ ನೆಲ ಮುಟ್ಟಿ, ಮೊರಂ (ಜಲ್ಲಿ ಬೆರೆತ ಗಟ್ಟಿ ಮಣ್ಣು) ತುಂಬಿ ಕುಟ್ಟಿಸಬೇಕು. ಆಳಕ್ಕೆ ಇದ್ದರೆ ತಳದಲ್ಲಿ ಗಡಿಗೆಯ ಹಾಗೆ ಉಬ್ಬಿರುವ ಕಾಂಕ್ರೀಟ್ ಕಂಬ ಇಳಿಸಿ, ಅದರ ಮೇಲೆ ಬೀಮ್ ಹಾಕುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ನೆಲಕ್ಕೆಂದೇ ರೂಪಿಸಿದ ವಿಧಾನ ಅದು. ಯಾವುದು ಬೇಕು ಅಂತ ನಿಮ್ಮ ಸೈಟಿನಲ್ಲಿ ಗುಂಡಿ ತೋಡಿ ನೋಡಿದ ಎಂಜಿನಿಯರ್ ಹೇಳಬೇಕು, ನಾನಲ್ಲ. ಮನೆಯ ಸುತ್ತ ಮೂರಡಿ ಅಗಲ ಕಲ್ಲು ಹಾಸಿ, ಬಚ್ಚಲ ನೀರು ಗೋಡೆಯ ಬುಡಕ್ಕೆ ಇಂಗದ ಹಾಗೆ ಮಾಡಿ. ಎರೆ ಒಂದು ಕಡೆ ಹಸಿ, ಇನ್ನೊಂದು ಕಡೆ ಒಣ ಆದಾಗಲೇ ಗೋಡೆ ಸೀಳುವುದು.

ಇಲ್ಲಿ ನನ್ನ ಖರ್ಚಿನ ವಹಿಯ ಒಂದು ಮಾತು. ನಮ್ಮ ಮನೆಗೆ ಹೋದ ದುಡ್ಡಿನಲ್ಲಿ ಗೋಡೆಯ ಪಾಲು ನಾಲ್ಕರಲ್ಲಿ ಒಂದೂ ಇಲ್ಲ. ಉಳಿದದ್ದು ಪಾಯ, ಛಾವಣಿ, ಬಾಗಿಲು-ಕಿಟಕಿ, ನೀರು, ಕರೆಂಟು. ಮಣ್ಣಿಟ್ಟಿಗೆಯಿಂದ ಮನೆ ಅರ್ಧ ಬೆಲೆಗೆ ಆಗುತ್ತೆ ಅನ್ನುವವರನ್ನು ನಂಬಬೇಡಿ. ಗೋಡೆಯಲ್ಲಿ ಒಂದಿಷ್ಟು ಉಳಿಯುತ್ತೆ. ಗಿಲಾವು, ಬಣ್ಣ ಬಿಟ್ಟರೆ ಇನ್ನೊಂದಿಷ್ಟು ಉಳಿಯುತ್ತೆ. ಉಳಿದದ್ದನ್ನು ಪಾಯಕ್ಕೆ ಹಾಕಿ.

ಬ್ಯಾಂಕಿನ ವಿಷಯ. ಮೇಜಿನ ಆ ಕಡೆ ಕೂತಿದ್ದವನ ಗುಟ್ಟು ಹೇಳುತ್ತೇನೆ. ಅರ್ಜಿಯಲ್ಲಿ 'ಮಣ್ಣಿನ ಮನೆ' ಅಂತ ಕಂಡರೆ ಅಧಿಕಾರಿಯ ಕಣ್ಣ ಮುಂದೆ ಬರುವುದು ಬಿದ್ದ ಮನೆ. ಅವನು ಕೆಟ್ಟವನಲ್ಲ, ಅವನಿಗೆ ಗೊತ್ತಿಲ್ಲ ಅಷ್ಟೆ. ಎಂಜಿನಿಯರ್ ಕೊಡುವ ಎಸ್ಟಿಮೇಟಿನಲ್ಲಿ 'ಸ್ಟೆಬಿಲೈಸ್ಡ್ ಮಡ್ ಬ್ಲಾಕ್ ಗೋಡೆ, ಐಎಸ್ 1725 ಪ್ರಕಾರ, ಆರ್‌ಸಿಸಿ ಛಾವಣಿ' ಅಂತ ಬರೆಸಿ. ಇಟ್ಟಿಗೆಯ ಬಲ ಪರೀಕ್ಷೆಯ ರಿಪೋರ್ಟ್ ಜೊತೆಗೆ ಇಡಿ. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಮಾಡಿಕೊಡುತ್ತಾರೆ. ಇ-ಖಾತಾ, ಒಪ್ಪಿಗೆಯಾದ ನಕ್ಷೆ, ಕ್ರಯಪತ್ರ ಸರಿ ಇದ್ದರೆ ಗೋಡೆಯ ಜಾತಿ ಕೇಳುವವರು ಕಡಿಮೆ. ನಾನು ಕಂಡ ಹಾಗೆ ಸಾಲ ನಿಲ್ಲುವುದು ಕಾಗದದಿಂದ, ಮಣ್ಣಿನಿಂದ ಅಲ್ಲ.

30 ಲಕ್ಷದ ಒಳಗಿನ ಸಾಲಕ್ಕೆ ಬೆಲೆಯ ನೂರಕ್ಕೆ 90ರವರೆಗೂ ಕೊಡಲು ರಿಸರ್ವ್ ಬ್ಯಾಂಕ್ ನಿಯಮ ಬಿಡುತ್ತದೆ. ಉಳಿದದ್ದು ನಿಮ್ಮ ಕೈಯಿಂದ. ಅದೂ ಮೊದಲು ನಿಮ್ಮ ದುಡ್ಡು, ಆಮೇಲೆ ಬ್ಯಾಂಕಿನದು. ಸಾಲವನ್ನು ಪಾಯ, ಲಿಂಟಲ್, ಛಾವಣಿ ಅಂತ ಹಂತ ನೋಡಿ ಬಿಡುತ್ತಾರೆ. ನೀವು ಪಟ್ಟಣದವರಾದ್ದರಿಂದ ಇನ್ನೊಂದು ದಾರಿಯೂ ಇದೆ. ಪ್ರಧಾನಮಂತ್ರಿ ಆವಾಸ್ ನಗರ 2.0 ಯೋಜನೆಯಲ್ಲಿ ಬಡ್ಡಿ ಸಹಾಯಧನ ಸಿಗುತ್ತದೆ. 2024ರ ಸೆಪ್ಟೆಂಬರ್ 1ರ ನಂತರ ಮಂಜೂರಾದ ಸಾಲ ಆಗಿರಬೇಕು. ಕುಟುಂಬದ ವರ್ಷದ ಆದಾಯ 9 ಲಕ್ಷದ ಒಳಗೆ, ಸಾಲ 25 ಲಕ್ಷದ ಒಳಗೆ, ಮನೆಯ ಬೆಲೆ 35 ಲಕ್ಷದ ಒಳಗೆ ಇರಬೇಕು. ದೇಶದಲ್ಲಿ ಎಲ್ಲೂ ನಿಮ್ಮ ಕುಟುಂಬಕ್ಕೆ ಪಕ್ಕಾ ಮನೆ ಇರಬಾರದು. ಮೊದಲ 8 ಲಕ್ಷ ಸಾಲಕ್ಕೆ 4 ಪರ್ಸೆಂಟ್ ಲೆಕ್ಕದಲ್ಲಿ, ಒಟ್ಟು 1.80 ಲಕ್ಷದವರೆಗೆ, ಐದು ವರ್ಷದ ಕಂತಿನಲ್ಲಿ ನಿಮ್ಮ ಸಾಲದ ಖಾತೆಗೇ ಬರುತ್ತದೆ. ಸೈಟ್ ನಿಮ್ಮ ಹೆಸರಲ್ಲಿರುವುದು ಒಳ್ಳೆಯದೇ ಆಯಿತು. ಹಾಗೇ ಇರಲಿ.

ಪ್ರಶ್ನೆ: ನಾವು ಹತ್ತು ಮಂದಿ ಹೆಣ್ಣುಮಕ್ಕಳ ಸಂಘ. ನಾಲ್ವರಿಗೆ ಮನೆ ಕಟ್ಟುವುದಿದೆ. ಎಲ್ಲರೂ ಕೂಡಿ ಯಂತ್ರ ತಂದು ಇಟ್ಟಿಗೆ ಮಾಡಿದರೆ ಆದೀತಾ? ಕಲಿಯುವುದು ಎಲ್ಲಿ?
(ಸಂಘದ ಪರವಾಗಿ, ಕನಕಗಿರಿ ತಾಲೂಕು)

ಆದೀತು. ಆದರೆ ಯಂತ್ರ ತರುವ ಮೊದಲು ನನ್ನ ಕಥೆ ಕೇಳಿ.

ಮಣ್ಣು ಪುಕ್ಕಟೆ ಅಲ್ವಾ ಅಂತ ನಾನು ನಮ್ಮ ಹೊಲದ ಬದುವಿನ ಮಣ್ಣನ್ನೇ ತೋಡಿಸಿದೆ. ಕೆಂಪಗೇ ಕಾಣುತ್ತಿತ್ತು. ಬಾಡಿಗೆ ಯಂತ್ರ, ಆರು ಆಳು, ಎರಡು ದಿನ. 800 ಇಟ್ಟಿಗೆ ಆಯಿತು. ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಮೂರನೇ ದಿನ ನೋಡಿದರೆ ಇಟ್ಟಿಗೆಯ ಮೈ ಮೇಲೆಲ್ಲ ಕೂದಲೆಳೆಯಂಥ ಗೆರೆ. ಐದನೇ ದಿನಕ್ಕೆ ಗೆರೆಯೊಳಗೆ ಉಗುರು ಹೋಗುತ್ತಿತ್ತು. ಮಣ್ಣು ಕಲಸಲು ಬಂದಿದ್ದ ಅಜ್ಜಿ ಒಂದು ಚೂರು ಮುರಿದು ನಾಲಿಗೆಗೆ ಹಚ್ಚಿ ನೋಡಿದಳು. ಥೂ ಅಂತ ಉಗಿದಳು. "ಸಾಹೇಬ್ರ, ಇದ್ರಾಗ ಎರಿ ಕೂಡೈತ್ರಿ. ನಮ್ಮನ್ನ ಮೊದ್ಲ ಕೇಳಬೇಕಿಲ್ಲ?" ಅಂದಳು. ಆ 800 ಇಟ್ಟಿಗೆ ಈಗಲೂ ನಮ್ಮ ಹಿತ್ತಲಲ್ಲಿ ತೆಂಗಿನ ಬುಡಕ್ಕೆ ಇವೆ.

ಅಜ್ಜಿಯ ನಾಲಿಗೆ ನಮಗೆ ಬರುವುದಿಲ್ಲ. ಹಾಗಾಗಿ ಬಾಟಲಿ ಪರೀಕ್ಷೆ ಮಾಡಿ. ಅಗಲ ಬಾಯಿಯ ಗಾಜಿನ ಬಾಟಲಿಗೆ ಮೂರರಲ್ಲಿ ಒಂದು ಪಾಲು ಮಣ್ಣು ಹಾಕಿ. ಮೇಲಿನ ಹುಲ್ಲು-ಬೇರಿನ ಮಣ್ಣು ಬೇಡ, ಒಂದೆರಡು ಅಡಿ ಕೆಳಗಿನದು. ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತೆ. ಜೇಡಿ ಕೂರಲು ಒಂದು ದಿನ ಬೇಕು. ಮರುದಿನ ಪದರ ಅಳೆಯಿರಿ. ಮರಳು ಮೂರರಲ್ಲಿ ಎರಡು ಪಾಲು, ಜೇಡಿ ನೂರಕ್ಕೆ ಹತ್ತು-ಹದಿನೈದು ಇದ್ದರೆ ನಿಮ್ಮ ಪುಣ್ಯ. ಜೇಡಿ ಜಾಸ್ತಿ ಇದ್ದರೆ ಮರಳನ್ನೋ ಕ್ವಾರಿ ಡಸ್ಟನ್ನೋ ಬೆರೆಸಬಹುದು. ನೀರಿನ ಹದಕ್ಕೂ ಒಂದು ಉಪಾಯ ಇದೆ. ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ನಾಲ್ಕೈದು ಹೋಳಾದರೆ ಹದ ಸರಿ. ಪುಡಿಯಾದರೆ ನೀರು ಕಡಿಮೆ. ಮುದ್ದೆಯ ಹಾಗೆ ಚಪ್ಪಟೆಯಾಗಿ ಕೂತರೆ ಜಾಸ್ತಿ.

ಈಗ ಲೆಕ್ಕ. ಇಟ್ಟಿಗೆಯ ಅಳತೆ 230 x 190 x 100 ಮಿ.ಮೀ., ತೂಕ ಎಂಟು ಕೆಜಿ ಚಿಲ್ಲರೆ. ಏಳು ಪರ್ಸೆಂಟ್ ಸಿಮೆಂಟಿನಂತೆ ಒಂದು ಚೀಲಕ್ಕೆ ಸುಮಾರು 90 ಇಟ್ಟಿಗೆ. ಒಂದು ಸಣ್ಣ ಮನೆಗೆ 5,000 ಇಟ್ಟಿಗೆ ಅಂದರೆ 55 ಚೀಲ ಸಿಮೆಂಟು. ಕೈಯಂತ್ರದಲ್ಲಿ ಏಳು ಮಂದಿ ಕೈ ಕೂಡಿದ ಮೇಲೆ ದಿನಕ್ಕೆ 400ರಿಂದ 500 ತೆಗೆಯಬಹುದು. ಮೊದಲ ವಾರ 200 ಬಂದರೆ ಸಾಕು ಅಂದುಕೊಳ್ಳಿ. ನಾಲ್ಕು ಮನೆಗೆ 20,000 ಇಟ್ಟಿಗೆ. ರಜೆ, ಹಬ್ಬ, ಜಗಳ ಎಲ್ಲ ಸೇರಿ ಎರಡು ತಿಂಗಳ ಕೆಲಸ. ಇವತ್ತು ಅವಳ ಮನೆಗೆ, ನಾಳೆ ಇವಳ ಮನೆಗೆ ಅಂತ ಮುಯ್ಯಾಳಿನ ಲೆಕ್ಕದಲ್ಲಿ ಮಾಡಿ. ಹೊಲದಲ್ಲಿ ನಿಮಗೆ ಗೊತ್ತಿರುವ ಪದ್ಧತಿಯೇ. ಯಾರು ಎಷ್ಟು ದಿನ ಬಂದರು ಅಂತ ದಿನಾ ಸಂಜೆ ಬರೆಯಿರಿ. ಸಂಘ ಒಡೆಯುವುದು ದುಡ್ಡಿಗಿಂತ ಈ ಲೆಕ್ಕ ಮರೆತಾಗಲೇ.

ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಶುರು ಮಾಡಿ, ಸಂಕ್ರಾಂತಿಗೆ ಮುಗಿಸಿ. ಬೇಸಿಗೆಯಲ್ಲಿ ಇಟ್ಟಿಗೆಗೆ ಉಣಿಸಲು ನೀರು ಎಲ್ಲಿಂದ ತರುತ್ತೀರಿ? ಮೇಲೆ ಭತ್ತದ ಹುಲ್ಲು ಹೊದಿಸಿ, ದಿನಕ್ಕೆ ಎರಡು ಹೊತ್ತು ನೀರು ಚಿಮುಕಿಸಿ, 21 ದಿನ.

ಕಲಿಯುವ ವಿಷಯ. ಪ್ರತಿ ಜಿಲ್ಲೆಯಲ್ಲೂ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಇರುತ್ತದೆ. ಊಟ, ವಸತಿ ಸಹಿತ ಪುಕ್ಕಟೆ ತರಬೇತಿ. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆಯಲ್ಲಿ 45 ದಿನದ ಗೌಂಡಿ ತರಬೇತಿ ಇದೆ. ನಿಜವಾದ ಮನೆಯನ್ನೇ ಕಟ್ಟಿಸುತ್ತಾ ಕಲಿಸುತ್ತಾರೆ. ಹೆಣ್ಣುಮಕ್ಕಳೂ ಸೇರಬಹುದು, ದಯವಿಟ್ಟು ಸೇರಿ. ಕೊಪ್ಪಳದ ನಿರ್ಮಿತಿ ಕೇಂದ್ರದಲ್ಲೂ ವಿಚಾರಿಸಿ. ಕಡಿಮೆ ಖರ್ಚಿನ ಕಟ್ಟಡ ವಿಧಾನ ಹರಡಲೆಂದೇ ಹುಟ್ಟಿದ ಕೇಂದ್ರಗಳು ಅವು. ನಿಮ್ಮಲ್ಲಿ ಒಬ್ಬರಿಗೆ ದೂರ ಹೋಗಲು ಸಾಧ್ಯ ಆದರೆ ತಮಿಳುನಾಡಿನ ಆರೋವಿಲ್‌ನಲ್ಲಿ ಮಣ್ಣಿನ ಕಟ್ಟಡಕ್ಕೇ ಮೀಸಲಾದ ಸಂಸ್ಥೆ ಇದೆ, 1989ರಿಂದ ಕಲಿಸುತ್ತಿದ್ದಾರೆ. ಹತ್ತಿರದಲ್ಲೇ ಕಣ್ಣಿಗೆ ಪಾಠ ಬೇಕೆಂದರೆ ಒಂದು ಭಾನುವಾರ ಆನೆಗೊಂದಿಗೆ ಹೋಗಿ. ಹಳೇ ಮನೆಗಳ ಗೋಡೆಯ ಬುಡ ನೋಡಿ. ಮಳೆ ನೀರು ಸಿಡಿಯುವಷ್ಟು ಎತ್ತರ ಕಲ್ಲು, ಅದರ ಮೇಲೆ ಮಣ್ಣು.

ದುಡ್ಡಿಗೆ: ರಾಜ್ಯದ ಗ್ರಾಮೀಣ ಜೀವನೋಪಾಯ ಯೋಜನೆ ಸಂಜೀವಿನಿಯಲ್ಲಿ ನೋಂದಾಯಿಸಿದ ಮಹಿಳಾ ಸಂಘಕ್ಕೆ 3 ಲಕ್ಷದವರೆಗಿನ ಬ್ಯಾಂಕ್ ಸಾಲ 7 ಪರ್ಸೆಂಟ್ ಬಡ್ಡಿಗೆ ಸಿಗುತ್ತದೆ, ಅಡಮಾನ ಇಲ್ಲದೆ. ಮನೆ ಕಟ್ಟಲು, ರಿಪೇರಿಗೆ ಬಳಸಬಹುದು. ಸಾಲ 2 ಲಕ್ಷ ದಾಟಿದರೆ ಅರ್ಧವಾದರೂ ದುಡಿಮೆಗೆ ಹೋಗಬೇಕು ಅನ್ನುತ್ತದೆ ನಿಯಮ. ಇಟ್ಟಿಗೆ ಮಾಡಿ ಮಾರುವುದೂ ದುಡಿಮೆಯೇ. ಆದರೂ ಮೊದಲ ವರ್ಷ ಯಂತ್ರ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಮೊದಲ 300 ಇಟ್ಟಿಗೆಯಲ್ಲಿ ಯಾರದಾದರೂ ಮನೆಯ ಹಿಂದೆ ಒಂದು ಕುರಿ ದೊಡ್ಡಿಯ ಗೋಡೆ ಕಟ್ಟಿ. ಅದು ಒಂದು ಮಳೆ ನೆನೆಯಲಿ. ಆಮೇಲೆ ಬ್ಯಾಂಕಿಗೆ ಹೋಗಿ.

ಪ್ರಶ್ನೆ: ಪಂಚಾಯ್ತಿ ಮನೆ ಬಂದಿದೆ. ಗೋಡೆ ಎದ್ದಿದೆ, ಛಾವಣಿಗೆ ದುಡ್ಡಿಲ್ಲ. ಮುಂದಿನ ಕಂತು ಬರುತ್ತಿಲ್ಲ. ಒಬ್ಬರು ಮನೆಗೇ ಬಂದು 2 ಲಕ್ಷ ಕೊಡುತ್ತೇವೆ, ಎರಡು ವರ್ಷದಲ್ಲಿ ತೀರಿಸಿ ಅನ್ನುತ್ತಾರೆ. ಬಡ್ಡಿ ತಿಂಗಳಿಗೆ 2 ರೂಪಾಯಿ ಅಂತೆ. ತೆಗೆದುಕೊಳ್ಳಲಾ?
(ಕೂಲಿ ಕಾರ್ಮಿಕ, ಮಾನ್ವಿ ತಾಲೂಕು)

ಬೇಡ ತಮ್ಮಾ.

ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಅಂದರೆ ವರ್ಷಕ್ಕೆ 24 ಪರ್ಸೆಂಟ್. 2 ಲಕ್ಷಕ್ಕೆ ಎರಡು ವರ್ಷ, ತಿಂಗಳ ಕಂತು 10,574 ರೂಪಾಯಿ. ಅದೇ ಬ್ಯಾಂಕಿನಲ್ಲಿ 9 ಪರ್ಸೆಂಟಿಗೆ 10 ಲಕ್ಷ ತೆಗೆದು 15 ವರ್ಷ ಕಟ್ಟುವವನ ಕಂತು 10,143. ಅವನು ಐದು ಪಟ್ಟು ಸಾಲ ತೆಗೆದು ನಿನಗಿಂತ ಕಡಿಮೆ ಕಂತು ಕಟ್ಟುತ್ತಾನೆ. ಹೌದು, ಅವನು ಬಹಳ ವರ್ಷ ಕಟ್ಟುತ್ತಾನೆ. ಆದರೆ ನಿನ್ನ ಕೂಲಿಯಲ್ಲಿ ತಿಂಗಳಿಗೆ ಹತ್ತು ಸಾವಿರ ತೆಗೆದಿಟ್ಟರೆ ಮನೆಯವರು ಉಣ್ಣುವುದೇನು? ಕಿರುಸಾಲದ ಎಲ್ಲ ಕಂತುಗಳೂ ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಈಗಾಗಲೇ ತೆಗೆದು ಸಿಕ್ಕಿಹಾಕಿಕೊಂಡವರು ಈ ಪತ್ರ ಓದುತ್ತಿದ್ದರೆ, ಬಾಗಿಲಿಗೆ ಬಂದು ಕೂರುವುದು, ಬೈಯುವುದರ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ. ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಬಹುದು.

ನಿನ್ನ ಕಂತು ಯಾಕೆ ನಿಂತಿದೆ ಅಂತ ಮೊದಲು ನೋಡು. ಹಂತದ ಫೋಟೋ ಸ್ಥಳದಲ್ಲೇ ನಿಂತು ಮೊಬೈಲಿನಲ್ಲಿ ಅಪ್‌ಲೋಡ್ ಆಗಬೇಕು. ಅದು ಆಗಿದೆಯಾ, ಆಧಾರ್ ಜೋಡಿಸಿದ ಖಾತೆ ಸರಿ ಇದೆಯಾ ಅಂತ ಪಿಡಿಒ ಅವರನ್ನು ಕೇಳು. ಬಾಯಲ್ಲಿ ಕೇಳಿದರೆ ಸಾಲದು, ಅರ್ಜಿ ಬರೆದು ಸ್ವೀಕೃತಿ ತಗೋ. ನಿನ್ನದು ಕೇಂದ್ರದ ಆವಾಸ್ ಮನೆಯಾದರೆ, 1.20 ಲಕ್ಷದ ಸಹಾಯಧನದ ಜೊತೆಗೆ ಬ್ಯಾಂಕಿನಿಂದ 70,000 ರೂಪಾಯಿವರೆಗೆ ಸಾಲ ಕೇಳುವ ಅವಕಾಶವೂ ಆ ಯೋಜನೆಯಲ್ಲಿ ಇದೆ. ಅಲ್ಲಿಯವರೆಗೆ ಗೋಡೆಯ ತಲೆ ನೆನೆಯದ ಹಾಗೆ ತಾಡಪಾಲು ಹೊದಿಸು. ಒಂದು ಮಳೆಗಾಲ ತಡವಾದರೆ ಆಗಲಿ.

ಪ್ರಶ್ನೆ: ಬಳ್ಳಾರಿ ಕೌಲ್ ಬಜಾರಿನಲ್ಲಿ ಮೇಲಂತಸ್ತಿನ ಆರ್‌ಸಿಸಿ ಮನೆ. ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಕ್ಕೂ ಗೋಡೆ ಬಿಸಿ. ಹೊಸ ಮನೆ ಕಟ್ಟುವ ಶಕ್ತಿ ಇಲ್ಲ. ಸಾಲ ಮಾಡಿ ಸೋಲಾರ್ ಹಾಕಿಸಿ ಎಸಿ ಇಡೋಣವೇ?
(ನಿವೃತ್ತ ಗುಮಾಸ್ತರು, ಬಳ್ಳಾರಿ)

ಮೊದಲು ಸುಣ್ಣ, ಆಮೇಲೆ ಸೋಲಾರ್. ಫೆಬ್ರವರಿಯಲ್ಲಿ ಟೆರೇಸ್ ಗುಡಿಸಿ, ತೊಳೆದು, ಎರಡು ಕೋಟು ಸುಣ್ಣ ಬಳಿಸಿ. ಅಂಟಿಗೆ ಸ್ವಲ್ಪ ಫೆವಿಕಾಲ್ ಬೆರೆಸಿ. ನಮ್ಮ ಮನೆಯ ಹಳೇ ಕೋಣೆಗೆ ಹೀಗೆ ಮಾಡಿ ಗೋಡೆಗೆ ಥರ್ಮಾಮೀಟರ್ ನೇತು ಹಾಕಿದ್ದೆ. ಮಧ್ಯಾಹ್ನ 39 ತೋರಿಸುತ್ತಿದ್ದದ್ದು 36ಕ್ಕೆ ಇಳಿಯಿತು. ಮೂರೇ ಡಿಗ್ರಿ. ಆದರೆ ಮಲಗುವವನಿಗೆ ಗೊತ್ತು ಆ ಮೂರರ ಬೆಲೆ. ಪಶ್ಚಿಮದ ಗೋಡೆಗೆ ಬಿಸಿಲು ಬೀಳದ ಹಾಗೆ ಹಸಿರು ನೆಟ್ ಕಟ್ಟಿ.

ಸೋಲಾರಿಗೆ 2024ರಲ್ಲಿ ಶುರುವಾದ ಸೂರ್ಯ ಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಆದರೆ ನಿಮ್ಮ ಜೆಸ್ಕಾಂ ಬಿಲ್ ತೆಗೆದು ನೋಡಿ. ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತಿದ್ದರೆ ಸಾಲ ಮಾಡಿ ಉಳಿಸುವುದು ಏನನ್ನು? ಬಿಲ್ ಸೊನ್ನೆ ಇಲ್ಲದ, ಎಸಿ ಈಗಾಗಲೇ ಇರುವ ಮನೆಗೆ ಈ ಯೋಜನೆ ಚೆನ್ನ. ನಿಮಗೆ ಈಗಲೇ ಬೇಡ.

ಪ್ರಶ್ನೆ: ಅಜ್ಜ ಕಟ್ಟಿದ ಮಾಳಿಗೆ ಮನೆ ಇದೆ. ತಮ್ಮ ಕೆಡವಿ ಆರ್‌ಸಿಸಿ ಮಾಡೋಣ ಅಂತಾನೆ. ಮಳೆಗಾಲದಲ್ಲಿ ಸೋರುವುದು ನಿಜ. ಆದರೆ ಬೇಸಿಗೆಯಲ್ಲಿ ಅದರಷ್ಟು ತಂಪು ಎಲ್ಲೂ ಇಲ್ಲ. ಏನು ಮಾಡಲಿ?
(ರೈತ, ಕುಷ್ಟಗಿ ತಾಲೂಕು)

ಕೆಡವುವ ಮೊದಲು ಏಣಿ ಹಾಕಿ ಮೇಲೆ ಹತ್ತಿ. ಬೆಳಕಿಂಡಿಯ ಪಕ್ಕದಲ್ಲಿ ಮಣ್ಣು ಎಷ್ಟು ದಪ್ಪ ಇದೆ ಅಂತ ಕಬ್ಬಿಣದ ಸರಳು ಚುಚ್ಚಿ ಅಳೆಯಿರಿ. ನಮ್ಮ ಕಡೆ ಪ್ರತಿ ವರ್ಷ ಮಳೆಗೆ ಮುಂಚೆ ಸವಳು ಮಣ್ಣು ಹೊತ್ತು ಹಾಕುತ್ತಿದ್ದರು. ಅದು ನೀರನ್ನು ಒಳಗೆ ಬಿಡುವುದಿಲ್ಲ. ಅಜ್ಜ ಹಳೇ ಪದರ ಕೆರೆದು ತೆಗೆದು ಹೊಸದು ಹಾಕುತ್ತಿದ್ದ. ನಮ್ಮ ಕಾಲಕ್ಕೆ ಕೆರೆಯುವುದು ನಿಂತಿತು, ಹಾಕುವುದು ಮಾತ್ರ ಉಳಿಯಿತು. ನಾನು ನೋಡಿದ ಒಂದು ಮಾಳಿಗೆಯ ಮೇಲೆ ಎರಡಡಿ ಮಣ್ಣಿತ್ತು. ಅದು ನೆನೆದರೆ ಯಾವ ಜಂತಿ ತಡೆದೀತು? ಮನೆ ಬೀಳುವುದು ಸೋರಿಕೆಗಲ್ಲ, ಆ ಭಾರಕ್ಕೆ.

ಬೇಸಿಗೆಯಲ್ಲಿ ಮೇಲಿನ ಮಣ್ಣನ್ನು ಅರ್ಧಕ್ಕೆ ಇಳಿಸಿ. ನೀರು ಹರಿಯುವ ಓಟ ಸರಿಮಾಡಿ, ನೀರು ಬೀಳುವ ದೋಣಿ ಗೋಡೆಯಿಂದ ಒಂದೂವರೆ ಅಡಿ ಹೊರಗೆ ಚಾಚಲಿ. ಆಮೇಲೆ ಒಳಗೆ ಬಂದು ಒಂದೊಂದೇ ಜಂತಿಗೆ ಸುತ್ತಿಗೆಯಲ್ಲಿ ತಟ್ಟಿ, ಮುಖ್ಯವಾಗಿ ಗೋಡೆಯೊಳಗೆ ಹೋಗುವ ತುದಿಯಲ್ಲಿ. ಗಟ್ಟಿ ಇದ್ದರೆ ಠಣ್ ಅನ್ನುತ್ತೆ. ಗೆದ್ದಲು ಹಿಡಿದಿದ್ದರೆ ಡೊಳ್ಳು ಸದ್ದು, ಕಾಲ ಬುಡಕ್ಕೆ ಪುಡಿ ಉದುರುತ್ತೆ. ಒಟ್ಟು ಜಂತಿ ಎಷ್ಟು, ಕೆಟ್ಟವು ಎಷ್ಟು ಅಂತ ಎಣಿಸಿ ಬರೆದು ಕಳಿಸಿ. ತಮ್ಮನನ್ನೂ ಜೊತೆಗೆ ಕರೆದುಕೊಂಡು ಎಣಿಸಿ.